ಬಳೆ ಸದ್ದಾದರೆ

ನಿಪ್ಪಾಣಿಯಲ್ಲಿ ನಮ್ಮ ಸಂಸ್ಥೆಯ ಮಹಿಳಾ ಸಹಾಯವಾಣಿಗೆ ಬರುವ ಕರೆಗಳನ್ನು ತೆಗೆದುಕೊಳ್ಳುತ್ತಿದ್ದ ಅಕ್ಕ, ಹೆಡ್‌ಫೋನ್ ಹಾಕುವ ಮೊದಲು ಕೈಬಳೆಗಳನ್ನು ಮೇಲಕ್ಕೆ ಸರಿಸಿ ಬಿಗಿ ಮಾಡಿಕೊಳ್ಳುತ್ತಿದ್ದರು. ಇಂಟರ್ನೆಟ್ಟಿನ ಮೂಲಕ ಬರುವ ಆ ಕರೆಗಳೆಲ್ಲ ಕಂಪ್ಯೂಟರಿನಲ್ಲಿ ರೆಕಾರ್ಡ್ ಆಗುತ್ತಿದ್ದವು. ತಮ್ಮ ಬಳೆಯ ಸದ್ದಿನಲ್ಲಿ ಇನ್ನೊಬ್ಬಳ ಮಾತು ಮುಚ್ಚಿಹೋಗಬಾರದು ಎನ್ನುತ್ತಿದ್ದರು.

ಕರೆ ರೆಕಾರ್ಡ್ ಆಗುತ್ತಿದೆ ಎಂದು ಕಂಪ್ಯೂಟರು ತಾನೇ ಹೇಳುವ ಸೂಚನೆಯ ಮೇಲೆ ಅವರಿಗೆ ನಂಬಿಕೆ ಇರಲಿಲ್ಲ. "ಅದರ ಪುಸ್ತಕದ ಕನ್ನಡ ಯಾರಿಗೆ ತಿಳೀತೈತ್ರಿ?" ಎಂದು, ಪ್ರತಿಯೊಬ್ಬರನ್ನೂ ತಾವೇ ಕೇಳುತ್ತಿದ್ದರು, ಬೇಕಾದರೆ ಮರಾಠಿಯಲ್ಲೂ: "ಮಾತು ರೆಕಾರ್ಡ್ ಆಗಾಕತ್ತೈತ್ರಿ. ಇರ್ಲೋ, ಬಂದ್ ಮಾಡ್ಲೋ?" ಬಂದ್ ಮಾಡಿ ಎಂದರೆ ರೆಕಾರ್ಡಿಂಗ್ ನಿಲ್ಲಿಸಿ ಬಳೆಗಳನ್ನು ಕೆಳಗೆ ಬಿಡುತ್ತಿದ್ದರು. ರೆಕಾರ್ಡಿಂಗ್ ನಿಂತಿದೆ ಎಂದು ಆ ಸದ್ದಿನಿಂದಲೇ ಹೊರಗೆ ಕುಳಿತ ನಮಗೆ ಗೊತ್ತಾಗುತ್ತಿತ್ತು.

ಒಂದು ದಿನ ಕೊಗನೊಳ್ಳಿ ಕಡೆಯ ಒಬ್ಬ ಗಂಡಸು ಅಕ್ಕನ ಕೋಣೆಗೆ ನುಗ್ಗಿದ. "ನನ್ನ ಹೇಣ್ತಿ ನಿಮ್ಮ ಮುಂದ ಏನ್ ಹೇಳ್ಯಾಳ, ಕೇಳಸ್ರಿ!" ಎಂದು ಮೇಜು ಗುದ್ದಿದ. ಆಗ ಅಲ್ಲೇ ಕುಳಿತಿದ್ದ ನಾನು ಎದ್ದು ನಿಂತೆ. ಅಕ್ಕ ಏಳಲಿಲ್ಲ.

"ಇಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳ್ಸಂಗಿಲ್ರಿ. ನಿಮ್ದೇನರ ಇದ್ರ ಹೇಳ್ರಿ, ಕೇಳ್ತೀನಿ," ಎಂದು ಬಳೆ ಏರಿಸಿ, ಕಂಪ್ಯೂಟರಿನ ಮೈಕನ್ನು ಅವನತ್ತ ತಿರುಗಿಸಿದರು. "ರೆಕಾರ್ಡ್ ಆಗತೈತ್ರಿ. ಇರ್ಲೋ, ಬಂದ್ ಮಾಡ್ಲೋ?"

ಅವನು ಮೈಕನ್ನೇ ನೋಡುತ್ತ ನಿಂತ. ಆಮೇಲೆ ಕುರ್ಚಿ ಎಳೆದು ಕುಳಿತು, ನನ್ನ ಕಡೆ ತಿರುಗಿ ನೋಡಿದ. ಅಕ್ಕ ನನಗೆ ಬಾಗಿಲು ತೋರಿಸಿದರು. ನಾನು ಹೊರಗೆ ಬಂದು ಬಾಗಿಲು ಎಳೆದುಕೊಂಡೆ.

ಸ್ವಲ್ಪ ಹೊತ್ತಿಗೆ ಒಳಗಿನಿಂದ ಬಳೆಗಳ ಸದ್ದು ಕೇಳಿಸಿತು.