ಚನ್ನರಾಯಪಟ್ಟಣದಲ್ಲಿ ದುಡಿಯುವವರು ಒಬ್ಬರೇ

ಇಲ್ಲಿ ಬರೆಯುವುದರಲ್ಲಿ ಕೆಲವು ವಿವರ ತಪ್ಪಿರಬಹುದು. ನಮ್ಮ ಮಾಲೀಕರು ಆ ದಿನ ಕೂತು ಮಾತಾಡಿದರೋ ನಿಂತೋ, ಈಗ ಖಾತ್ರಿಯಿಲ್ಲ. ಅವರಾಡಿದ ಮಾತು ನೆನಪಿದೆ. ಅದನ್ನೂ ನಾನು ಹೇಳಿ ಹೇಳಿ ಚೂಪು ಮಾಡಿಕೊಂಡಿರಬಹುದು.

ಹಾಸನದಲ್ಲಿ ಗೊಬ್ಬರ, ಬೀಜ, ಔಷಧಿ ಮಾರುವ ಕಂಪನಿಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಶಾಖೆಗಳಿವೆ. ನೌಕರರೆಲ್ಲರ ಹೆಸರು, ಪಾಸ್‌ವರ್ಡ್, ಯಾರು ಏನು ನೋಡಬಹುದು ಎಂಬುದೆಲ್ಲ ಹಾಸನದ ಒಂದೇ ಸರ್ವರ್‌ನಲ್ಲಿದೆ. ಪಕ್ಕದಲ್ಲೇ ಮೇಲ್ ಸರ್ವರ್. ಎಂ.ಎಸ್ಸಿ. ಓದಿದ ನಾನು ಎರಡಕ್ಕೂ ಕಾವಲುಗಾರ್ತಿ. ನನ್ನ ಕೋಣೆಗೆ ಎ.ಸಿ. ಕೂಡ ಇದೆ, ಸರ್ವರ್ ಬಿಸಿಯಾಗಬಾರದೆಂದು.

ಬಹುಕಾಲ ಯಾರೂ ಲಾಗಿನ್ ಆಗದ ಖಾತೆಗಳನ್ನು ಮುಚ್ಚಬೇಕು, ಅದು ಒಳ್ಳೆಯ ಪದ್ಧತಿ. ಹುಡುಕಿ ನೋಡಿದರೆ, ಸರ್ವರ್ ಪ್ರಕಾರ ಚನ್ನರಾಯಪಟ್ಟಣದಲ್ಲಿ ದುಡಿಯುತ್ತಿದ್ದವರು ಒಬ್ಬರೇ: ಅಂಗಡಿಯ ಬೀಗದ ಕೈ ಇಟ್ಟುಕೊಂಡಿದ್ದ, ಶಾಖೆಯವರೆಲ್ಲ ಅಣ್ಣಯ್ಯ ಎನ್ನುವ ಹಿರಿಯರು. ಅಲ್ಲಿ ಬಿಲ್ ಹಾಕುವ ನನ್ನ ಸೋದರತ್ತೆಯೂ ಸೇರಿ ಉಳಿದವರು ಕಂಪ್ಯೂಟರ್ ಮುಟ್ಟಿಯೇ ಇರಲಿಲ್ಲ. ಮೀಟಿಂಗ್‌ನಲ್ಲಿ ಇದನ್ನು ತಮಾಷೆಯಾಗಿ ಹೇಳಿದೆ. ಮಾಲೀಕರಿಗೆ ತಮಾಷೆ ಅನಿಸಲಿಲ್ಲ.

“ಒಬ್ರೇ ನಡುಸ್ತಾವ್ರೆ ಅಂದ್ರೆ ಮಿಕ್ಕೋರ್ಗೆ ಯಾಕಮ್ಮ ಸಂಬ್ಳ?”

“ಅವರೂ ಕೆಲಸ ಮಾಡ್ತಾರೆ ಸಾರ್. ಕಂಪ್ಯೂಟರಿಗೆ ಗೊತ್ತಾಗ್ತಿಲ್ಲ ಅಷ್ಟೇ.”

“ಅದ್ಕೆ ಗೊತ್ತಾಗ್ಲಿ ಅಂತ ತಾನೇ ನಿನ್ನ ಇಟ್ಕಂಡಿರೋದು? ತಿಂಗ್ಳೊಳ್ಗೆ ಅದ್ರಲ್ಲಿ ಕಾಣಿಸ್ಕಂಡೋರು ಇರ್ಲಿ, ಇಲ್ದೋರು ಮನೇಗ್ ಓಗ್ಲಿ. ಎಲ್ರಿಗೂ ಮೇಲ್ ಆಕ್ಬುಡು.”

ಹಾಕಿದೆ. ಮೇಲನ್ನೇ ತೆರೆಯದವರಿಗೆ, ಲಾಗಿನ್ ಆಗದಿದ್ದರೆ ಕೆಲಸ ಹೋಗುತ್ತದೆ ಎಂದು ಮೇಲ್ ಹಾಕಿದೆ. ಎಲ್ಲವೂ ತಲುಪಿದೆ ಎಂದು ಸರ್ವರ್ ಖಚಿತಪಡಿಸಿತು. ನನ್ನ ಓದು ವ್ಯರ್ಥವಾಗಲಿಲ್ಲ.

ಮನಸ್ಸು ತಡೆಯದೆ ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಹಿರಿಯರು ಶಟರ್ ಎತ್ತಿ, ಮಾನಿಟರಿಗೆ ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿ, ಊದುಬತ್ತಿ ಬೆಳಗಿ, ತಮ್ಮ ಹೆಸರಲ್ಲಿ ಲಾಗಿನ್ ಆದರು. ಸಂಜೆಯವರೆಗೆ ಎಲ್ಲರ ಕೆಲಸವೂ ಅದೇ ಹೆಸರಲ್ಲಿ. ಬಾಗೂರಿನಿಂದ ಬಂದ ಅತ್ತೆ ಸೆರಗು ಸಿಕ್ಕಿಸಿ ಬಿಲ್ ಹಾಕಲು ಕೂತಳು. ಹಿರಿಯರು ಹೊರಗೆ ಪೇಪರ್ ಓದಲು ಕೂತರು.

“ಅತ್ತೆ, ಲಾಗೌಟ್ ಮಾಡಿ ನಿನ್ನ ಹೆಸರಲ್ಲಿ ಒಂದ್ಸಲ ಒಳಗೆ ಹೋಗು. ಹೊಸ ಪಾಸ್‌ವರ್ಡ್ ಕೊಡ್ತೀನಿ. ಇಲ್ಲಾಂದ್ರೆ ಕೆಲಸ ಹೋಗುತ್ತೆ.”

“ಬೆಳುಗ್ಗೆ ಅಚ್ಚಿದ್ ದೀಪವ ಯಾಪಾರದ್ ವತ್ನಲ್ಲಿ ಆರುಸ್ತಾರೇನಮ್ಮಿ? ಅದೂ ಅಣ್ಣಯ್ಯ ಅಚ್ಚಿರೋದ?”

“ಇದು ದೀಪ ಅಲ್ಲ ಅತ್ತೆ, ಲಾಗಿನ್ನು.”

“ಮತ್ತೆ ಊದ್ಬತ್ತಿ ಯಾಕ್ ಅಚ್ಚುದ್ರು?”

ಯೂರಿಯಾಕ್ಕೆ ಕಾದಿದ್ದ ದಂಡಿಗನಹಳ್ಳಿಯ ರೈತರೊಬ್ಬರು, “ನಿನ್ ಪುರಾಣ ಆಮ್ಯಾಕ್ ಏಳವ್ವ, ಮದ್ಲು ಬಿಲ್ ಆಕ್ಲಿ” ಎಂದು ನನ್ನನ್ನೇ ಗದರಿದರು. ಹಿರಿಯರು ಹೊರಗಿನಿಂದ ಕೂಗಿದರು: “ನಿನ್ ಸರ್ವರ್ಗೆ ನಾನೊಬ್ನೇ ಕಂಡ್ರೆ ನಾವೇನ್ ಮಾಡವ ತಾಯಿ? ಅದ್ಕೊಂದ್ ಕನ್ನಡ್ಕ ಆಕ್ಸು.” ಎಲ್ಲರೂ ನಕ್ಕರು. ನಾನೂ ನಕ್ಕೆ ಅನಿಸುತ್ತದೆ.

ಕೊನೆಗೆ ಹಿರಿಯರೇ ಶಾಸ್ತ್ರ ಹೇಳಿದರು: ಪೂಜೆಗೆ ಮುಂಚೆ ಯಾರು ಲಾಗಿನ್ ಆಗಿ ಹೊರಬಂದರೂ ದೋಷವಿಲ್ಲ. ಮಾರನೆಯ ದಿನದಿಂದ ಉಳಿದವರು ಒಬ್ಬೊಬ್ಬರಾಗಿ ಬೇಗ ಬಂದು ನನ್ನ ಸರ್ವರಿಗೆ ಮುಖ ತೋರಿಸಿ ಹೋದರು. ಅತ್ತೆ ಮಾತ್ರ ಬರಲಿಲ್ಲ. ಫೋನ್ ಮಾಡಿದಾಗಲೆಲ್ಲ “ಬಸ್ಸು ತಡ ಕಣಮ್ಮಿ” ಎನ್ನುತ್ತಿದ್ದಳು. ಅದೇ ಬಸ್ಸಿನಲ್ಲಿ ಬರುವ ಇನ್ನೊಬ್ಬರು ಬೇಗ ಬಂದಿದ್ದರು.

ತಿಂಗಳು ಮುಗಿಯಿತು. ಅವಳ ಖಾತೆಯನ್ನು ನಾನೇ ಮುಚ್ಚಿದೆ. ‘ಖಚಿತವೇ?’ ಎಂದು ಕಂಪ್ಯೂಟರ್ ಒಂದು ಸಲ ಕೇಳಿತು. ಮಾಲೀಕರು ಅಷ್ಟೂ ಕೇಳಲಿಲ್ಲ. ಶಾಖೆಯವರು ಅತ್ತೆಗೆ ಶಾಲು ಹೊದಿಸಿ ಕಳಿಸಿದರು. ಈಗ ಅಲ್ಲಿ ಎಲ್ಲರೂ ಸರ್ವರಿಗೆ ಕಾಣಿಸುತ್ತಾರೆ, ಬಿಲ್ ಮಾತ್ರ ಹೊತ್ತಿಗೆ ಆಗುವುದಿಲ್ಲ.

ಮೊನ್ನೆ ಬಾಗೂರಿಗೆ ಹೋಗಿದ್ದೆ. ಅತ್ತೆ ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತು ಒಂದಷ್ಟು ಸುಲಿದೆ. ಆಮೇಲೆ ಕೇಳಿದೆ:

“ಅತ್ತೆ, ಬಸ್ಸು ನಿಜವಾಗ್ಲೂ ತಡ ಆಗ್ತಿತ್ತಾ? ಇಲ್ಲಾ, ಅಷ್ಟು ವರ್ಷ ಕೂತು ದುಡಿದವಳು, ‘ನಾನಿದೀನಿ’ ಅಂತ ಒಂದು ಮಿಷಿನ್ನಿಗೆ ತೋರಿಸೋದು ನಿನಗೆ ಬೇಕಿರಲಿಲ್ವಾ?”