ಕುಂಭಕ್ಕೆ ಕರೆದವನು

ಕಾಲೇಜಿನಲ್ಲಿ ಆಗಮಶಾಸ್ತ್ರ, ಅಂದರೆ ಗುಡಿ ಪೂಜೆಯ ಶಾಸ್ತ್ರ, ಕಲಿಸುವ ಕೆಲಸದ ಸಂದರ್ಶನಕ್ಕೆ ಹೋದಾಗ ಸಮಿತಿಯಲ್ಲಿದ್ದ ಹಿರಿಯರೊಬ್ಬರು, "ನೀವು ದೇವರನ್ನ ನಂಬ್ತೀರೇನ್ರೀ?" ಎಂದು ಕೇಳಿದ್ದರು. "ಜ್ವರ ನೋಡೋ ಡಾಕ್ಟರಿಗೂ ಜ್ವರ ಬಂದಿರ್ಬೇಕಾ ಸಾರ್?" ಎಂದೆ. ಎಲ್ಲರೂ ನಕ್ಕರು, ಕೆಲಸವೂ ಸಿಕ್ಕಿತು. ಆ ಮಾತನ್ನು ಆಮೇಲೆ ಎಷ್ಟು ಕಡೆ ಹೇಳಿ ಮೆರೆದೆನೋ. ಈಗ ನೆನೆದರೆ ನಾಚಿಕೆಯಾಗುತ್ತದೆ.

ನಮ್ಮಪ್ಪ ನಂದಗುಡಿ ಹೋಬಳಿಯ ಸಣ್ಣ ಊರೊಂದರ ಈಶ್ವರನ ಗುಡಿಯ ಅರ್ಚಕರು. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಸ್ನಾನ ಮಾಡಿ ಗುಡಿಗೆ ಹೋಗುತ್ತಿದ್ದರು. ಸಂಸ್ಕೃತ ಓದಿದವರಲ್ಲ. ತಾತ ಕನ್ನಡ ಅಕ್ಷರದಲ್ಲಿ ಬರೆದಿಟ್ಟಿದ್ದ ಪುಸ್ತಕವೊಂದನ್ನು ಬಾಯಿಪಾಠ ಮಾಡಿಕೊಂಡಿದ್ದರು. ಅದರಲ್ಲಿ ಮಂತ್ರವೂ ಇತ್ತು, ಮಂತ್ರ ಹೇಳಿ ಏನು ಮಾಡಬೇಕೆಂಬ ಸೂಚನೆಯೂ ಇತ್ತು. ಅಪ್ಪ ಎರಡನ್ನೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. "ಪುಷ್ಪಂ ಸಮರ್ಪಯಾಮಿ", ಅಂದರೆ ಹೂವು ಅರ್ಪಿಸುತ್ತೇನೆ, ಎಂದು ಹೇಳಿ ಸುಮ್ಮನಾಗಬೇಕಿತ್ತು. ಅವರು "ಇತಿ ಪುಷ್ಪಂ ಸಮರ್ಪಯೇತ್", ಹೀಗೆಂದು ಹೂವು ಅರ್ಪಿಸತಕ್ಕದ್ದು, ಎಂಬುದನ್ನೂ ಸೇರಿಸಿ ಗಟ್ಟಿಯಾಗಿ ಹೇಳಿ ಹೂವಿಡುತ್ತಿದ್ದರು. ಇಟ್ಟ ಮೇಲೆ ಕಣ್ಣು ಮುಚ್ಚಿ ಒಂದು ಗಳಿಗೆ ಹಾಗೇ ಕೈಮುಗಿದು ನಿಲ್ಲುತ್ತಿದ್ದರು.

ಎಂ.ಎ. ಮೊದಲ ವರ್ಷದ ರಜೆಯಲ್ಲಿ ನಾನಿದನ್ನು ಕಂಡುಹಿಡಿದು, ಊಟಕ್ಕೆ ಕೂತಾಗ ನಗುತ್ತಾ ಹೇಳಿದೆ. ಅಪ್ಪನೂ ಮೊದಲು ನಕ್ಕರು. "ಅಂದ್ರೆ ಇಷ್ಟು ವರ್ಷ ಸ್ವಾಮಿ ಮುಂದೆ ನಿಂತ್ಕೊಂಡು ಆರ್ಡರ್ ಓದ್ತಿದ್ನಾ ನಾನು?" ಎಂದರು. ಆಮೇಲೆ ಅವರಿಗೆ ಊಟ ಸೇರಲಿಲ್ಲ. ಮಾರನೆಯ ದಿನದಿಂದ ಆ ಜಾಗ ಬಂದಾಗ ಅವರ ನಾಲಿಗೆ ತಡವರಿಸತೊಡಗಿತು. ಬರಬರುತ್ತಾ ಬೇರೆ ಜಾಗಗಳಲ್ಲೂ. "ಇದು ಮಂತ್ರಾನೇನೋ, ಅಲ್ವೇನೋ?" ಎಂದು ಫೋನ್ ಮಾಡಿ ಕೇಳುವರು. ಕ್ಲಾಸಿಗೆ ಹೋಗುವ ಅವಸರದಲ್ಲಿ ನಾನು ತಿದ್ದುತ್ತಿದ್ದೆ. ತಿದ್ದುವುದರಲ್ಲಿ ನನಗೊಂದು ಸುಖವಿತ್ತು, ಅದನ್ನು ಮುಚ್ಚಿಡುವುದಿಲ್ಲ.

ಎರಡು ವರ್ಷದ ಕೆಳಗೆ ರಸ್ತೆ ಅಗಲ ಮಾಡಲು ಗುಡಿಯ ಜಾಗ ಹೋಯಿತು. ಊರಿನವರು ಕೂಗಾಡಿ, ಅರ್ಜಿ ಕೊಟ್ಟು, ಕೊನೆಗೆ ಸುಮ್ಮನಾದರು. ಗುಡಿ ಕೆಡವುವ ಮುಂಚೆ ಕಳಾಕರ್ಷಣೆ ಆಗಬೇಕು. ಲಿಂಗದಲ್ಲಿರುವ ಶಕ್ತಿಯನ್ನು ನೀರು ತುಂಬಿದ ಕುಂಭಕ್ಕೆ ಕರೆದು, ಆ ಕುಂಭವನ್ನು ತಾತ್ಕಾಲಿಕ ಗುಡಿಗೆ ಒಯ್ಯುವ ವಿಧಿ ಅದು. ಅದಾದ ಮೇಲೆ ಲಿಂಗ ಬರೀ ಕಲ್ಲು.

"ನೀವೇ ಮಾಡಿ ಅಪ್ಪ, ಪಕ್ಕದಲ್ಲಿ ಕೂತು ಹೇಳ್ಕೊಡ್ತೀನಿ" ಎಂದೆ.

"ಬೇಡಪ್ಪ. ನನ್ನ ಬಾಯಲ್ಲಿ ಏನು ತಪ್ಪು ಬಂದ್ಬಿಡುತ್ತೋ. ಇದು ತಪ್ಪಿದ್ರೆ ಸ್ವಾಮಿ ಅಲ್ಲೂ ಇಲ್ಲ, ಇಲ್ಲೂ ಇಲ್ಲ ಅನ್ನಂಗಾಗುತ್ತೆ. ಓದಿರೋನು ನೀನು, ನೀನೇ ಮಾಡು."

ಮಾಡಿದೆ. ಒಂದಕ್ಷರವೂ ತಪ್ಪಲಿಲ್ಲ. ಲಿಂಗದಿಂದ ಕುಂಭದವರೆಗೆ ದರ್ಭೆ ಹಾಸಿ, ಹೇಳಬೇಕಾದ್ದೆಲ್ಲ ಹೇಳಿ ಮುಗಿಸಿದೆ. ಅಲ್ಲಿ ಆಗಮಗ್ರಂಥ ಹೇಳುವುದು ಒಂದೇ ಮಾತು: ಭಾವಯೇತ್. ಶಕ್ತಿ ಹರಿದು ಬರುತ್ತಿದೆ ಎಂದು ಭಾವಿಸತಕ್ಕದ್ದು. ಆ ಒಂದು ಕ್ರಿಯಾಪದದ ಮೇಲೆ ನಾನು ಪಿಎಚ್.ಡಿ. ಪ್ರಬಂಧದಲ್ಲಿ ಇಡೀ ಅಧ್ಯಾಯ ಬರೆದಿದ್ದೆ. ಕಣ್ಣು ಮುಚ್ಚಿ ಕೂತೆ. ಏನೂ ಬರಲಿಲ್ಲ. ಎಡಗಾಲು ಜೋಮು ಹಿಡಿದಿದ್ದು ಮಾತ್ರ ಗೊತ್ತಾಗುತ್ತಿತ್ತು. ಇಷ್ಟು ಹೊತ್ತು ಸಾಕು ಅನ್ನಿಸಿದಾಗ ಎದ್ದೆ. ದೇವರ ಶಾಸ್ತ್ರ ಓದಲು ನಂಬಿಕೆ ಬೇಕಿಲ್ಲವೆಂದು ಇವತ್ತಿಗೂ ವಾದ ಮಾಡಿ ಗೆಲ್ಲಬಲ್ಲೆ. ಆದರೆ ಅಲ್ಲಿ ಕೂತಿದ್ದಾಗ ಹಿಂದೆ ಕೈಮುಗಿದು ನಿಂತಿದ್ದ ಜನರ ಕಡೆ ತಿರುಗಲು ನನಗೆ ಧೈರ್ಯವಿರಲಿಲ್ಲ.

ಕುಂಭವನ್ನು ಅಪ್ಪ ತಲೆಯ ಮೇಲೆ ಹೊತ್ತು, ಕೆರೆ ಏರಿಯ ಪಕ್ಕದ ಶೀಟಿನ ಶೆಡ್ಡಿಗೆ ಒಯ್ದರು. ಮಧ್ಯಾಹ್ನ ಜೆಸಿಬಿ ಬಂತು. ಪೀಠದಿಂದ ಕೀಳುವಾಗ ಲಿಂಗ ಇಡಿಯಾಗಿ ಬರಲಿಲ್ಲ, ನಡುವೆ ಮುರಿದು ಎರಡು ಹೋಳಾಯಿತು. ಅಪ್ಪ ಟವೆಲನ್ನು ಬಾಯಿಗೆ ಒತ್ತಿಕೊಂಡರು. ನಾನು ಅವರ ಭುಜ ಹಿಡಿದು, "ಅದೀಗ ಕಲ್ಲು ಅಷ್ಟೇ ಅಪ್ಪ, ಸ್ವಾಮಿ ಕುಂಭದಲ್ಲಿದಾನೆ" ಎಂದೆ. ಪಾಠ ಮಾಡುವ ದನಿಯಲ್ಲೇ ಹೇಳಿದೆ. ಅವರು ತಲೆಯಾಡಿಸಿದರು.

ಹೊಸ ಗುಡಿಗೆ ಇನ್ನೂ ಪಾಯ ತೆಗೆದಿಲ್ಲ. ತೆಗೆಯುತ್ತಾರೆಂದು ಈಗ ಊರಿನಲ್ಲಿ ಯಾರೂ ಹೇಳುವುದೂ ಇಲ್ಲ. ಅಪ್ಪ ಕೆಲವು ತಿಂಗಳು ಶೆಡ್ಡಿನಲ್ಲೇ ಪೂಜೆ ಮಾಡಿದರು. ಒಂದು ಭಾನುವಾರ ನಾನೂ ಜೊತೆಗಿದ್ದಾಗ, ಬಿಲ್ವಪತ್ರೆ ಬಿಡಿಸುತ್ತಾ ಕೇಳಿದರು:

"ಬೇಜಾರು ಮಾಡ್ಕೋಬೇಡ. ಅವತ್ತು ಸ್ವಾಮಿ ಬಂದಿದ್ದು ನಿನಗೆ ಗೊತ್ತಾಯ್ತಾ?"

"ವಿಧಿ ಪ್ರಕಾರ ಎಲ್ಲಾ ಆಗಿದೆಯಲ್ಲಪ್ಪ."

"ನಾನು ಅದು ಕೇಳ್ಲಿಲ್ಲ."

ಸುಳ್ಳು ಹೇಳಬಹುದಿತ್ತು, ಹೇಳಬೇಕಿತ್ತು. ಅಷ್ಟು ವರ್ಷ ಅವರನ್ನು ತಿದ್ದಿದ ಬಾಯಿಗೆ ಆ ಒಂದು ಸುಳ್ಳು ಬರಲಿಲ್ಲ. "ನಾನು ಯಾವತ್ತೂ ನಂಬಿದೋನಲ್ಲಪ್ಪ. ನನಗೇನೂ ಗೊತ್ತಾಗ್ಲಿಲ್ಲ" ಎಂದೆ.

ಬೈಯುತ್ತಾರೆ ಅಂದುಕೊಂಡೆ. ಬೈಯಲಿಲ್ಲ. ಪತ್ರೆಯನ್ನು ತಟ್ಟೆಗೆ ಹಾಕಿ, ಕುಂಭದ ಕಡೆ ಒಮ್ಮೆ ನೋಡಿ, ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡರು.

"ಹಂಗಾದ್ರೆ ಅವತ್ತು ಮುರಿದಿದ್ದು ಕಲ್ಲಲ್ಲ ಕಣೋ" ಎಂದರು.