ಕೀವ್‌ನಲ್ಲಿ ಬರೆದ ಮನೆಗಳು

ಉಕ್ರೇನ್ ಯುದ್ಧ ಶುರುವಾದ ವಾರವೇ ಇಂಗ್ಲೆಂಡಿನ ಡರ್ಹಮ್‌ನ ನಮ್ಮ ಮನೆಗೆ ಒಂದು ಫೋನ್ ಬಂತು. ಗಂಡಸಿನ ದನಿ, ರಷ್ಯನ್ ಭಾಷೆ. "ಕೀವ್ ಸುದ್ದಿ ನೋಡಿದೆಯಾ? ನಮ್ಮ ಮೇಡಂ ಎಲ್ಲಿದ್ದಾರೋ ಏನೋ."

ಕುರ್ಚಿ ಎಳೆದು ಕೂತುಬಿಟ್ಟೆ. ಆ ದನಿ ಕೇಳಿ ಮೂವತ್ತು ವರ್ಷ ದಾಟಿತ್ತು. ನಮ್ಮ ಹಳೆಯ ಸಹಪಾಠಿಯೊಬ್ಬರಿಂದ ನನ್ನ ನಂಬರ್ ಪಡೆದಿದ್ದನಂತೆ.

ಸೋವಿಯತ್ ಸ್ಕಾಲರ್‌ಶಿಪ್ ಸಿಕ್ಕಿ ನಾನು ಧಾರವಾಡದಿಂದ ಕೀವ್‌ಗೆ ಆರ್ಕಿಟೆಕ್ಚರ್ ಓದಲು ಹೋಗಿದ್ದೆ. ಫೋನ್ ಮಾಡಿದವನು ಅಲ್ಲಿ ನನ್ನ ಜೊತೆ ಓದುತ್ತಿದ್ದ ಇಥಿಯೋಪಿಯಾದವನು. ಕೊನೆಯ ವರ್ಷ ಇಬ್ಬರೂ ಸೇರಿ ಅವನೂರಿನ ಕಾರ್ಮಿಕರಿಗೆಂದು ಒಂದು ಕಾಲೊನಿಯ ನಕ್ಷೆ ಬರೆದೆವು. ಕೀವ್‌ನಲ್ಲಿ ಕಲಿಸುತ್ತಿದ್ದುದು ಒಂದೇ ಅಚ್ಚಿನ ಕಾಂಕ್ರೀಟ್ ಮನೆ. ನಾನು ಸುಮ್ಮನಿರಲಾರದೆ ಪ್ರತಿ ಮನೆಯ ಮುಂದೆ ಒಂದು ಕಟ್ಟೆ ಬರೆದೆ.

"ಇದು ಯಾತಕ್ಕೆ?" ಎಂದರು ನಮಗೆ ಪಾಠ ಹೇಳುತ್ತಿದ್ದ ಮೇಡಂ.

"ಸಂಜೆ ಕೂರೋದಕ್ಕೆ."

ಬೈತಾರೆ ಅಂದುಕೊಂಡಿದ್ದೆ. "ಹಾಗಾದರೆ ಇನ್ನೂ ಅಗಲ ಮಾಡು" ಅಂದರು.

ಓದು ಮುಗಿದ ಮೇಲೆ ಅವನು ಅವನ ದೇಶಕ್ಕೆ ಹೋದ, ನಾನು ಧಾರವಾಡಕ್ಕೆ. ಸ್ಟೇಷನ್ನಿನಲ್ಲಿ "ನನ್ನ ಜೊತೆ ಬಾ" ಎಂದು ಅವನು ಕೇಳಲಿಲ್ಲ. ಕೇಳಿದ್ದರೆ ಏನೆನ್ನುತ್ತಿದ್ದೆನೋ, ಈಗಲೂ ಗೊತ್ತಿಲ್ಲ. ಕೆಲವು ಪತ್ರ ಬಂದವು, ಆಮೇಲೆ ನಿಂತವು.

ಆ ಫೋನ್ ಬಂದ ಮರುತಿಂಗಳು ಒಂದು ಶನಿವಾರ, ಅವನು ಈಗ ನೆಲೆಸಿದ್ದ ಸ್ಕಾಟ್ಲೆಂಡಿನ ಸ್ಟರ್ಲಿಂಗ್‌ವರೆಗೆ ಒಬ್ಬಳೇ ಡ್ರೈವ್ ಮಾಡಿಕೊಂಡು ಹೋದೆ. ಬಾಗಿಲು ತೆಗೆದವನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅವನ ಹೆಂಡತಿ ಕಾಫಿ ಬೀಜ ಹುರಿದು, ನನ್ನನ್ನು ತಂಗಿಯಂತೆ ಪಕ್ಕದಲ್ಲಿ ಕೂರಿಸಿಕೊಂಡರು. ಅಷ್ಟರಲ್ಲಿ ಅವನು ಮೇಡಂ ಮೊಮ್ಮಗಳನ್ನು ಪತ್ತೆ ಮಾಡಿದ್ದ. ಅಜ್ಜಿ, ಮೊಮ್ಮಗಳು ಇಬ್ಬರೂ ಪೋಲೆಂಡ್ ಸೇರಿದ್ದರು. ವಿಡಿಯೋ ಕಾಲ್‌ನಲ್ಲಿ ಎಂಬತ್ತು ದಾಟಿದ ಆ ಮುಖ ಕಂಡಿತು. ಮನೆ ಬಿಟ್ಟುಬಂದ ಮಾತು ಒಂದೂ ಆಡಲಿಲ್ಲ.

"ಆ ಕಾಲೊನಿ ಕಟ್ಟಿದಿರಾ?" ಎಂದು ಕೇಳಿದರು.

ಇಲ್ಲ ಅನ್ನಲು ನಾನು ಬಾಯಿ ತೆರೆದಿದ್ದೆ. ಅವನು ಹೇಳಿದ: "ಹನ್ನೆರಡು ಮನೆ ಕಟ್ಟಿದೆವು, ಮೇಡಂ. ಕಟ್ಟೆ ಸಮೇತ. ಅಷ್ಟರಲ್ಲಿ ನಮ್ಮ ದೇಶದ ಸರ್ಕಾರ ಬಿತ್ತು, ಕೆಲಸ ನಿಂತಿತು."

ನಾನು ಅವನತ್ತ ತಿರುಗಿದೆ. "ನನಗೇಕೆ ಹೇಳಲಿಲ್ಲ?"

"ಬರೆದಿದ್ದೆ. ಪತ್ರ ವಾಪಸ್ ಬಂತು."

ಮದುವೆಯಾಗಿ ನಾನು ಧಾರವಾಡದ ಆ ವಿಳಾಸ ಬಿಟ್ಟಿದ್ದೆ. ಅವನು ಒಂದು ಫೋಟೋ ತಂದು ಮೇಜಿನ ಮೇಲಿಟ್ಟ. ನಾನು ಬರೆದ ಕಟ್ಟೆಯ ಮೇಲೆ ನಾಲ್ವರು ಹೆಂಗಸರು, ಕಾಲು ಚಾಚಿ, ಏನಕ್ಕೋ ನಗುತ್ತಿದ್ದರು.

ಆ ಚಳಿಗಾಲದಲ್ಲಿ ಮೇಡಂ ಪೋಲೆಂಡ್‌ನಲ್ಲೇ ತೀರಿಕೊಂಡರು. ಆ ಮನೆಗಳು ಈಗ ಇವೆಯೋ ಇಲ್ಲವೋ ಅವನಿಗೂ ತಿಳಿಯದು. "ಒಮ್ಮೆ ಹೋಗಿ ನೋಡೋಣ" ಅನ್ನುತ್ತಾನೆ, ಪ್ರತಿ ಫೋನಿನಲ್ಲೂ. ಹೋಗೋಣ ಅನ್ನುತ್ತೇನೆ. ಫೋಟೋದ ಆ ಹೆಂಗಸರ ಪಕ್ಕ ಒಂದು ಸಂಜೆ ಕೂತು ಬರುವ ಆಸೆ ನನಗೆ ಇನ್ನೂ ಹಾಗೇ ಇದೆ.